ರೈತರ ಹೆಸರು-ವಿವರಗಳ ವ್ಯಾಪಾರ ಮತ್ತು ಹೊಸ ಕಾಯಿದೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಕಂಡಿರುವ ರೈತ ಬಾಂಧವರಿಗೆ ಈ ಲೇಖನದ ವಿಷಯವನ್ನು ತಿಳಿಸುವುದು ಕಷ್ಟವಲ್ಲ. ಒಂದು ಕಾಲದಲ್ಲಿ ಗೂಡು ಕೊಳ್ಳುವವನು ಬೆಳೆಗಾರನ ಮನೆಯ ಬಾಗಿಲಿಗೇ ಬರುತ್ತಿದ್ದ. ತಕ್ಕಡಿ ಅವನದು, ಕಲ್ಲು ಅವನದು, ಬೆಲೆಯೂ ಅವನು ಹೇಳಿದ್ದೇ. ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಬಹಳ ದಿನ ಇಟ್ಟುಕೊಳ್ಳುವಂತಿಲ್ಲ. ಇಟ್ಟರೆ ಚಿಟ್ಟೆ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ, ನೂಲು ಬರುವುದಿಲ್ಲ. ಆದುದರಿಂದ ಬೆಳೆಗಾರನು ಬಂದಷ್ಟಕ್ಕೆ ಕೊಟ್ಟುಬಿಡುತ್ತಿದ್ದ. ಈ ವ್ಯಾಪಾರವನ್ನು ಹದ್ದಿನಲ್ಲಿಡಲು ೧೯೫೯ರಲ್ಲಿ ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ಕಾಯಿದೆ ಬಂದಿತು. ಗೂಡನ್ನು ಗೊತ್ತಾದ ಮಾರುಕಟ್ಟೆಯಲ್ಲಿಯೇ ಮಾರಬೇಕು, ಕೊಳ್ಳುವ ರೀಲರಿಗೆ ಲೈಸೆನ್ಸು ಇರಬೇಕು, ಹರಾಜು ಎಲ್ಲರೆದುರಿಗೆ ನಡೆಯಬೇಕು, ತೂಕ ಸರ್ಕಾರದ ತಕ್ಕಡಿಯಲ್ಲಿ ಆಗಬೇಕು ಎಂಬ ಕಟ್ಟುಪಾಡು ಹೀಗೆ ಬೆಳೆದುಬಂದಿತು. ಈಗಲೂ ಮಾರುಕಟ್ಟೆಯಲ್ಲಿ ತಕರಾರುಗಳಿಲ್ಲವೆಂದಲ್ಲ. ಆದರೆ ಕೊಂಡವನು ಯಾರು, ಎಷ್ಟಕ್ಕೆ ಕೊಂಡ ಎಂದು ಕೇಳಲು ಒಂದು ಜಾಗವಿದೆ, ಒಂದು ಪುಸ್ತಕವಿದೆ.

ಇಂದು ನಮ್ಮ ಹಳ್ಳಿಗಳಿಂದ ಮತ್ತೊಂದು ಸರಕು ಹೊರಗೆ ಹೋಗುತ್ತಿದೆ. ಅದಕ್ಕೆ ತಕ್ಕಡಿಯೂ ಇಲ್ಲ, ರಸೀದಿಯೂ ಇಲ್ಲ. ಅದು ನಮ್ಮ ಹೆಸರು, ಫೋನ್ ನಂಬರು, ಆಧಾರ್ ಸಂಖ್ಯೆ, ಸರ್ವೆ ನಂಬರು, ಎಕರೆ ಲೆಕ್ಕ, ಹಾಕಿರುವ ಬೆಳೆ, ಇರುವ ಸಾಲ. ಹನಿ ನೀರಾವರಿ ಪೈಪಿನ ಮಳಿಗೆಯಲ್ಲಿ ಬಹುಮಾನದ ಚೀಟಿ ಬರೆಯಿಸುತ್ತಾರೆ. ಔಷಧಿ ಕಂಪನಿಯವರು ತೋಟದಲ್ಲಿ ಸಭೆ ಸೇರಿಸಿ ಹಾಜರಿ ಹಿಡಿಯುತ್ತಾರೆ. ಮಾರುಕಟ್ಟೆ ದರ ತಿಳಿಸುವ ಆ್ಯಪ್ ಫೋನಿನೊಳಗೆ ಇಳಿಯುವಾಗಲೇ ಇದಕ್ಕೆ ಒಪ್ಪಿ, ಅದಕ್ಕೆ ಒಪ್ಪಿ ಎಂದು ನಾಲ್ಕು ಸಾರಿ ಕೇಳುತ್ತದೆ. ನಾವೂ ಒತ್ತುತ್ತೇವೆ. ವಾರ ಕಳೆಯುವುದರೊಳಗೆ ಟ್ರ್ಯಾಕ್ಟರ್ ಸಾಲ ಬೇಕೆ, ವಿಮೆ ಬೇಕೆ, ಜಮೀನು ಕೊಡುತ್ತೀರಾ ಎಂದು ಕರೆಗಳು ಬರತೊಡಗುತ್ತವೆ. ಪೈಪಿನ ಅಂಗಡಿಗೆ ಕೊಟ್ಟ ನಂಬರು ನಿವೇಶನದ ದಲ್ಲಾಳಿಗೆ ಸಿಕ್ಕಿದ್ದು ಹೇಗೆ? ನಡುವೆ ಯಾರೋ ಪಟ್ಟಿಯನ್ನು ಕೊಟ್ಟರು, ಯಾರೋ ಕೊಂಡರು.

ಒಂದೊಂದು ವಿವರವನ್ನು ಬಿಡಿಯಾಗಿ ನೋಡಿದರೆ ಅದರಲ್ಲಿ ಗುಟ್ಟೇನೂ ಇಲ್ಲ ಎನ್ನಿಸುತ್ತದೆ. ನನ್ನ ಹೆಸರು ಊರಿಗೆಲ್ಲ ಗೊತ್ತು, ಪಹಣಿ ಯಾರು ಬೇಕಾದರೂ ತೆಗೆಯಬಹುದು ಎಂದು ಹಿರಿಯರು ಹೇಳುವುದುಂಟು. ಅದು ನಿಜ. ಭೂಮಿ ಯೋಜನೆಯಲ್ಲಿ ಸರ್ವೆ ನಂಬರು ಒತ್ತಿದರೆ ಯಾರ ಪಹಣಿಯಾದರೂ ಕಾಣುತ್ತದೆ. ಅದು ಕಾಣಬೇಕು ಕೂಡ. ಇಲ್ಲವಾದರೆ ಒಬ್ಬನ ಜಮೀನನ್ನು ಇನ್ನೊಬ್ಬ ಮಾರಿಬಿಟ್ಟಾನು. ಆದರೆ ವ್ಯಾಪಾರವಿರುವುದು ಬಿಡಿ ವಿವರದಲ್ಲಲ್ಲ, ಜೋಡಿಸುವುದರಲ್ಲಿ. ನಂದಿಬೆಟ್ಟದ ತಪ್ಪಲಿನಲ್ಲಿ ಎರಡೆಕರೆ ದ್ರಾಕ್ಷಿ ತೋಟವಿರುವವರ ಪಹಣಿಗೆ ಅವರ ಫೋನ್ ನಂಬರು ಸೇರಿತು, ಅದಕ್ಕೆ ಬ್ಯಾಂಕಿನ ಕಂತು ಬಾಕಿಯಿದೆ ಎಂಬ ಸಂಗತಿ ಸೇರಿತು ಎನ್ನಿ. ಆಗ ಆ ಕುಟುಂಬ ಯಾವಾಗ ಕಷ್ಟದಲ್ಲಿದೆ, ಯಾವಾಗ ಹೋಗಿ ಕೇಳಿದರೆ ಕಡಿಮೆ ಬೆಲೆಗೆ ಜಮೀನು ಬಿಟ್ಟೀತು ಎಂಬುದು ಬೆಂಗಳೂರಿನಲ್ಲಿ ಕುಳಿತವನಿಗೆ ತಿಳಿಯುತ್ತದೆ. ಚಿಂತಾಮಣಿಯ ಕಡೆ ಟೊಮೆಟೊ ಹಾಕಿದವರು ಎಷ್ಟು ಮಂದಿ, ಕೊಯ್ಲು ಯಾವಾಗ ಎಂಬ ಪಟ್ಟಿ ಮೊದಲೇ ಕೈಯಲ್ಲಿದ್ದರೆ ಸಗಟು ಕೊಳ್ಳುವವನಿಗೆ ಲಾಭವೋ, ಮಾರುವವನಿಗೋ? ಗೌರಿಬಿದನೂರಿನ ಮುಸುಕಿನ ಜೋಳದ ಬೆಳೆಗಾರರಿಗೂ ಇದೇ ಮಾತು.

ಈ ವ್ಯಾಪಾರಕ್ಕೆ ಕಾನೂನಿನ ಲಗಾಮು ಬೇಕೆಂಬ ಮಾತಿಗೆ ನಮ್ಮ ರಾಜ್ಯದವರೊಬ್ಬರ ಹೆಸರು ಶಾಶ್ವತವಾಗಿ ಅಂಟಿಕೊಂಡಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ತೀರ್ಪು ಕೊಟ್ಟು, ಖಾಸಗಿತನವು ಪ್ರತಿಯೊಬ್ಬನ ಮೂಲಭೂತ ಹಕ್ಕು ಎಂದು ಸಾರಿತು. ಮರುವರ್ಷ ಬಂದ ಆಧಾರ್ ತೀರ್ಪು, ಖಾಸಗಿ ಕಂಪನಿಗಳು ತಮ್ಮಿಷ್ಟದಂತೆ ಆಧಾರನ್ನು ಕೇಳಲು ಅವಕಾಶ ಕೊಡುತ್ತಿದ್ದ ಕಲಮನ್ನು ತೆಗೆದುಹಾಕಿತು. (೨೦೧೯ರ ತಿದ್ದುಪಡಿಯಿಂದ ಬ್ಯಾಂಕು ಮತ್ತು ಫೋನ್ ಕಂಪನಿಗಳಿಗೆ, ಗಿರಾಕಿಯು ತಾನಾಗಿ ಒಪ್ಪಿದರೆ, ಆಧಾರ್ ಬಳಸಲು ದಾರಿಯಾಯಿತು.) ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಪಾರ್ಲಿಮೆಂಟು ೨೦೨೩ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯನ್ನು ಮಾಡಿತ್ತು.

ಈ ಕಾಯಿದೆಯಲ್ಲಿ ರೈತರಿಗೆ ಬೇಕಾದ ಮಾತು ಏನಿದೆಯೆಂದು ನೋಡೋಣ. ವಿವರ ಪಡೆಯುವ ಕಂಪನಿಯು ಮೊದಲು ಒಂದು ತಿಳಿವಳಿಕೆ ಪತ್ರ ಕೊಡಬೇಕು. ಯಾವ ವಿವರ, ಯಾವ ಕೆಲಸಕ್ಕಾಗಿ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ನಾವು ಬಯಸಿದರೆ ಅದನ್ನು ಕನ್ನಡದಲ್ಲಿ ಓದುವ ಅವಕಾಶವಿರಬೇಕು. ಸಂವಿಧಾನದ ಎಂಟನೆಯ ಅನುಸೂಚಿಯ ಇಪ್ಪತ್ತೆರಡು ಭಾಷೆಗಳಿಗೂ ಈ ಮಾತು ಅನ್ವಯಿಸುತ್ತದೆ. ಒಪ್ಪಿಗೆಯು ಬಲವಂತವಿಲ್ಲದೆ, ತಿಳಿದು ಕೊಟ್ಟದ್ದಾಗಿರಬೇಕು. ಆ ಕೆಲಸಕ್ಕೆ ಬೇಕಾದಷ್ಟು ವಿವರಕ್ಕೆ ಮಾತ್ರ ಅದು ಸಲ್ಲುತ್ತದೆ. ಹವಾಮಾನ ತಿಳಿಸುವ ಆ್ಯಪ್ಪಿಗೆ ಊರಿನ ಹೆಸರು ಬೇಕು, ಸರಿ; ನಮ್ಮ ಫೋನಿನಲ್ಲಿರುವ ನೆಂಟರಿಷ್ಟರ ನಂಬರುಗಳು ಏಕೆ ಬೇಕು? ಒತ್ತಿಬಿಟ್ಟಿದ್ದರೂ ಆ ಹೆಚ್ಚಿನ ಭಾಗಕ್ಕೆ ಒಪ್ಪಿಗೆ ಕೊಟ್ಟಂತಾಗುವುದಿಲ್ಲ ಎಂಬುದು ಕಾಯಿದೆಯ ಅಭಿಪ್ರಾಯ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು, ಮತ್ತು ಪಡೆಯುವುದು ಕೊಡುವಷ್ಟೇ ಸುಲಭವಾಗಿರಬೇಕು. ಹದಿನೆಂಟು ವರ್ಷ ತುಂಬದ ಮಕ್ಕಳ ವಿವರಕ್ಕೆ ತಂದೆತಾಯಿಗಳ ಒಪ್ಪಿಗೆ ಬೇಕು.

ನಮ್ಮ ವಿವರ ಏನೇನು ನಿಮ್ಮಲ್ಲಿದೆ, ಅದನ್ನು ಯಾರು ಯಾರಿಗೆ ಕೊಟ್ಟಿದ್ದೀರಿ ಎಂದು, ನಮ್ಮ ಒಪ್ಪಿಗೆ ಪಡೆದ ಕಂಪನಿಯನ್ನು ಕೇಳಬಹುದು. ನನ್ನ ಮಟ್ಟಿಗೆ ಇಡೀ ಕಾಯಿದೆಯಲ್ಲಿ ಇದೇ ಗಟ್ಟಿ ಕಾಳು. ಪೈಪಿನ ಕಂಪನಿಯಿಂದ ನಿವೇಶನದ ದಲ್ಲಾಳಿಯವರೆಗಿನ ದಾರಿಯನ್ನು ಹಿಡಿದು ಹೋಗಲು ಸಿಗುವ ಮೊದಲ ಹಗ್ಗ ಇದು. ತಪ್ಪಿದ್ದರೆ ತಿದ್ದಿಸಬಹುದು, ಕೆಲಸ ಮುಗಿದಿದ್ದರೆ ಅಳಿಸಿಹಾಕಲು ಹೇಳಬಹುದು. ಕಂಪನಿ ಕಿವಿಗೆ ಹಾಕಿಕೊಳ್ಳದಿದ್ದರೆ ದೂರು ಕೇಳಲು ಮಾಹಿತಿ ಸಂರಕ್ಷಣಾ ಮಂಡಳಿಯೊಂದಿದೆ. ವಿವರಗಳನ್ನು ಭದ್ರವಾಗಿಡದೆ ಸೋರಿಹೋಗಲು ಬಿಟ್ಟ ಕಂಪನಿಗೆ ೨೫೦ ಕೋಟಿ ರೂಪಾಯಿವರೆಗೆ, ಸೋರಿದ್ದನ್ನು ತಿಳಿಸದೆ ಮುಚ್ಚಿಟ್ಟರೆ ೨೦೦ ಕೋಟಿವರೆಗೆ ದಂಡ ಹಾಕಬಹುದು. ಸುಳ್ಳು ದೂರು ಕೊಟ್ಟವರಿಗೂ ಹತ್ತು ಸಾವಿರದವರೆಗೆ ದಂಡವಿದೆ ಎಂಬುದನ್ನು ಮರೆಯಬಾರದು.

ಆದರೆ ಕಾಯಿದೆಯ ಪುಸ್ತಕ ಬಂದ ಕೂಡಲೇ ಎಲ್ಲವೂ ಜಾರಿಗೆ ಬಂದಿತೆಂದು ತಿಳಿಯಬೇಡಿ. ನಿಯಮಗಳು ಪ್ರಕಟವಾದದ್ದು ೨೦೨೫ರ ನವೆಂಬರಿನಲ್ಲಿ. ಮಂಡಳಿಗೆ ಸಂಬಂಧಿಸಿದ ಭಾಗ ಆಗಲೇ ಜಾರಿಗೆ ಬಂದಿತು. ಒಪ್ಪಿಗೆ, ಅಳಿಸುವಿಕೆ, ದಂಡ ಮೊದಲಾದ ಮುಖ್ಯ ಭಾಗಗಳಿಗೆ ಹದಿನೆಂಟು ತಿಂಗಳ ಗಡುವು ಗೊತ್ತುಮಾಡಲಾಯಿತು. ಎಂದರೆ ೨೦೨೭ರ ಮೇ ತಿಂಗಳು. ಆ ಕಾಯಿದೆಯಲ್ಲಿ ಕೊರತೆಗಳೂ ಇವೆ. ಕಂಪನಿ ಕಟ್ಟಿದ ದಂಡವೆಲ್ಲ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ನಷ್ಟಪಟ್ಟವನಿಗೆ ಅದರಲ್ಲಿ ಒಂದು ಕಾಸೂ ಇಲ್ಲ. ಹಳೆಯ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿದ್ದ ಪರಿಹಾರದ ಕಲಮನ್ನೂ ಈ ಕಾಯಿದೆ ತೆಗೆದುಹಾಕುತ್ತದೆ. ಕಾನೂನಿನ ಪ್ರಕಾರ ಬಹಿರಂಗವಾಗಿರುವ ವಿವರಕ್ಕೆ ಇದು ಅನ್ವಯಿಸದು. ಆದ್ದರಿಂದ ಪಹಣಿಯಿಂದ ಹೆಸರು ಹೆಕ್ಕುವವನನ್ನು ಇದು ಹಿಡಿಯಲಾರದು. ಗೊಬ್ಬರದ ಅಂಗಡಿಯ ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆದ ಹೆಸರಿಗೂ, ಅದನ್ನು ಕಂಪ್ಯೂಟರಿಗೋ ಫೋನಿಗೋ ಏರಿಸುವವರೆಗೆ, ಈ ಕಾಯಿದೆ ಇಲ್ಲ. ಸರ್ಕಾರಕ್ಕಂತೂ ಬಹಳ ಸಡಿಲ ಕೊಟ್ಟಿದೆ. ಸಹಾಯಧನ, ಸವಲತ್ತು ಕೊಡುವುದಕ್ಕಾಗಿ ಸರ್ಕಾರವು ಹೊಸದಾಗಿ ಒಪ್ಪಿಗೆ ಕೇಳದೆ ನಮ್ಮ ವಿವರ ಬಳಸಬಹುದು. ಫ್ರೂಟ್ಸ್ ನೋಂದಣಿಗೆ ಕೃಷಿ ಇಲಾಖೆಯವರು ಪಹಣಿ, ಆಧಾರ್ ಕೇಳಿದರೆ ಕೊಡಬೇಕಾದ್ದೇ. ಆ ನಂಬರಿಲ್ಲದೆ ಸವಲತ್ತುಗಳು ಸಿಗುವುದು ಕಷ್ಟ. ಆದರೆ ಸರ್ಕಾರದ ಪಟ್ಟಿಯೂ ಕಂಪನಿಯ ಕೈಗೆ ಹೋಗಬಹುದೆಂಬ ಶಂಕೆ ಹುಟ್ಟಲು ಕಾರಣವಿತ್ತು. ೨೦೨೧ರಲ್ಲಿ ಕೇಂದ್ರ ಕೃಷಿ ಮಂತ್ರಾಲಯವು ಆರು ರಾಜ್ಯಗಳ ನೂರು ಹಳ್ಳಿಗಳಲ್ಲಿ ಪ್ರಯೋಗ ನಡೆಸಲು ಮೈಕ್ರೋಸಾಫ್ಟ್ ಕಂಪನಿಯೊಡನೆ ಒಡಂಬಡಿಕೆ ಮಾಡಿಕೊಂಡಾಗ, ರೈತರನ್ನು ಒಂದು ಮಾತು ಕೇಳದೆ ರೈತರ ವಿವರವನ್ನು ಹೀಗೆ ಕೊಡುವುದು ತರವೇ ಎಂದು ಐವತ್ತಕ್ಕೂ ಹೆಚ್ಚು ಸಂಘಸಂಸ್ಥೆಗಳು ಆಕ್ಷೇಪಿಸಿದವು.

ಹಾಗಾದರೆ ವಿವರ ಮಾರುವ ಕಂಪನಿಗಳನ್ನು ಕಟ್ಟಿನಲ್ಲಿಡುವುದು ಸಾಧ್ಯವೇ ಇಲ್ಲವೇ? ಸಾಧ್ಯ. ನಮ್ಮ ದೇಶದಲ್ಲಿಯೇ ಅಂಥ ಒಂದು ವ್ಯಾಪಾರಕ್ಕೆ ೨೦೦೫ರಿಂದ ಕಾಯಿದೆಯಿದೆ. ಅದು ಸಾಲದ ವಿವರದ ವ್ಯಾಪಾರ. ಬ್ಯಾಂಕಿನವರು "ನಿಮ್ಮ ಸಿಬಿಲ್ ಸರಿಯಿಲ್ಲ" ಎಂದು ಹೇಳುವುದನ್ನು ತಾವೆಲ್ಲ ಕೇಳಿದ್ದೀರಿ. ಸಿಬಿಲ್ ಎಂಬುದು ಸರ್ಕಾರಿ ಕಚೇರಿಯಲ್ಲ, ಒಂದು ಕಂಪನಿ. ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಎಂದು ಇಂಥ ನಾಲ್ಕು ಕಂಪನಿಗಳಿವೆ. ಬ್ಯಾಂಕು, ಮೈಕ್ರೋಫೈನಾನ್ಸ್ ಮೊದಲಾದವು ಯಾರಿಗೆ ಎಷ್ಟು ಸಾಲ ಕೊಟ್ಟೆವು, ಕಂತು ಬಂತೇ ಇಲ್ಲವೇ ಎಂದು ಇವುಗಳಿಗೆ ಬರೆದು ಕಳುಹಿಸುತ್ತವೆ. ಮುಂದೆ ಸಾಲ ಕೊಡುವವರು ಹಣ ತೆತ್ತು ಆ ವರದಿಯನ್ನು ಪಡೆಯುತ್ತಾರೆ. ಇದೂ ನಮ್ಮ ವಿವರದ ಮಾರಾಟವೇ. ಆದರೆ ಇಲ್ಲಿ ರಿಸರ್ವ್ ಬ್ಯಾಂಕಿನ ನೋಂದಣಿ ಪತ್ರವಿಲ್ಲದೆ ಅಂಗಡಿ ತೆರೆಯುವಂತಿಲ್ಲ, ದಾರಿಹೋಕರಿಗೆ ಮಾರುವಂತಿಲ್ಲ, ಮತ್ತು ನಮ್ಮ ಪುಟವನ್ನು ನಮಗೆ ತೋರಿಸಲೇಬೇಕು.

ಈ ನಾಲ್ಕು ಕಂಪನಿಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ನಮಗೆ ಪುಕ್ಕಟೆಯಾಗಿ ಕೊಡಬೇಕು. ನಮ್ಮ ಸ್ತ್ರೀಶಕ್ತಿ ಸಂಘಗಳ ಅಕ್ಕತಂಗಿಯರು ಇದನ್ನು ಅವಶ್ಯವಾಗಿ ತೆಗೆಸಿ ನೋಡಬೇಕು. ಸಂಘದ ಕೆಲಸಕ್ಕೆಂದು ಕೊಟ್ಟ ಆಧಾರ್ ಪ್ರತಿಯಿಂದ ತಮಗೆ ತಿಳಿಯದ ಸಾಲವೊಂದು ತಮ್ಮ ಹೆಸರಿನಲ್ಲಿ ಕುಳಿತಿದ್ದರೆ, ಅದು ಮೊದಲು ಕಾಣುವುದು ಈ ವರದಿಯಲ್ಲಿಯೇ. ತೀರಿಸಿದ ಸಾಲ ಬಾಕಿಯೆಂದೇ ಉಳಿದಿರುವುದೂ ಉಂಟು. ಪಕ್ಕದೂರಿನ ಅದೇ ಹೆಸರಿನವರ ಸಾಲ ನಮ್ಮ ಪುಟಕ್ಕೆ ಸೇರಿಕೊಂಡಿರುವುದೂ ಉಂಟು. ನಮ್ಮ ಕಡೆ ವೆಂಕಟೇಶಪ್ಪ, ಮುನಿಯಮ್ಮ ಎಂಬ ಹೆಸರುಗಳು ಊರಿಗೆ ಹತ್ತಿರುವಾಗ ಇದರಲ್ಲಿ ಆಶ್ಚರ್ಯವೇನು? ತಪ್ಪು ಕಂಡರೆ ಆ ಕಂಪನಿಗೋ ಸಾಲ ಕೊಟ್ಟ ಸಂಸ್ಥೆಗೋ ಬರವಣಿಗೆಯಲ್ಲಿ ದೂರು ಕೊಡಬೇಕು, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮೂವತ್ತು ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ನೂರು ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು ೨೦೨೩ರಲ್ಲಿ ಆಜ್ಞೆ ಮಾಡಿತು. ೨೦೨೪ರಿಂದ ಅದು ಜಾರಿಗೆ ಬಂದಿತು. ನೂರು ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ೨೫೦ ಕೋಟಿ ಸರ್ಕಾರಕ್ಕೆ ಹೋಗುವ ಕಾಯಿದೆಗಿಂತ ಈ ನೂರು ರೂಪಾಯಿಯೇ ಹಳ್ಳಿಯವರಿಗೆ ಹತ್ತಿರದ್ದು ಎಂದು ನನಗೆ ತೋರುತ್ತದೆ.

ಫೋನಿನಲ್ಲಿ ಸಾಲ ಕೊಡುವ ಆ್ಯಪ್‌ಗಳ ವಿಷಯದಲ್ಲಿಯೂ ರಿಸರ್ವ್ ಬ್ಯಾಂಕು ೨೦೨೨ರಲ್ಲಿಯೇ ನಿರ್ಬಂಧ ಹಾಕಿತು. ಸಾಲದ ಆ್ಯಪ್ ನಮ್ಮ ಫೋನಿನ ನಂಬರುಗಳ ಪಟ್ಟಿ, ಫೋಟೊಗಳು, ಕರೆಗಳ ಲೆಕ್ಕ ಇವನ್ನು ಮುಟ್ಟಬಾರದು. ಗುರುತು ಖಚಿತಪಡಿಸಿಕೊಳ್ಳಲು ಒಂದು ಸಾರಿ ಕ್ಯಾಮೆರಾ ಬಳಸಲು ಅನುಮತಿ ಕೇಳಬಹುದು. ಕಂತು ತಪ್ಪಿದಾಗ ಬೀಗರಿಗೆಲ್ಲ ಫೋನ್ ಮಾಡಿ ಮಾನ ಕಳೆಯುತ್ತೇವೆಂದು ಹೆದರಿಸುವ ಆ್ಯಪ್ ಈ ನಿಯಮವನ್ನು ಮುರಿದಿದೆ ಎಂದೇ ಅರ್ಥ.

ವಿವರ ಕೊಟ್ಟರೆ ಕರೆಗಳ ಕಾಟ ಬಿಟ್ಟು ಮತ್ತೇನಾದೀತು ಎನ್ನುವವರು ನಮ್ಮ ರಾಜ್ಯದಲ್ಲಿ ನಡೆದ ಎರಡು ಸಂಗತಿಗಳನ್ನು ಗಮನಿಸಬೇಕು. ೨೦೨೨ರಲ್ಲಿ ಬೆಂಗಳೂರಿನಲ್ಲಿ ಚಿಲುಮೆ ಎಂಬ ಸಂಸ್ಥೆಯು ಮತದಾರರಲ್ಲಿ ತಿಳಿವಳಿಕೆ ಮೂಡಿಸುವುದಾಗಿ ಮಹಾನಗರ ಪಾಲಿಕೆಯಿಂದ ಅನುಮತಿ ಪಡೆಯಿತು. ಅದರ ಕಡೆಯವರು ಮತಗಟ್ಟೆ ಅಧಿಕಾರಿಗಳ ಗುರುತಿನ ಚೀಟಿ ತೋರಿಸಿಕೊಂಡು ಮನೆಮನೆಗೆ ಹೋಗಿ ಜಾತಿ, ಫೋನ್, ಆಧಾರ್ ಮುಂತಾದ ವಿವರ ಸಂಗ್ರಹಿಸಿದರೆಂಬ ಆರೋಪ ಆ ವರ್ಷದ ನವೆಂಬರಿನಲ್ಲಿ ಬಯಲಿಗೆ ಬಂದಿತು. ಅನುಮತಿ ರದ್ದಾಯಿತು, ಕೆಲವರ ಬಂಧನವಾಯಿತು, ಚುನಾವಣಾ ಆಯೋಗವು ಮೂರು ಕ್ಷೇತ್ರಗಳ ಮತದಾರರ ಪಟ್ಟಿಯನ್ನು ಮರುಪರಿಶೀಲಿಸಲು ಆಜ್ಞೆ ಮಾಡಿತು. ಕೊರಳಲ್ಲಿ ಚೀಟಿ ನೇತಾಡಿದ ಮಾತ್ರಕ್ಕೆ ಬಂದವರು ಸರ್ಕಾರದವರಾಗುವುದಿಲ್ಲ.

ಎರಡನೆಯದು ರೈತರಿಗೆ ಇನ್ನೂ ಹತ್ತಿರದ್ದು. ಜಮೀನಿನ ಕ್ರಯಪತ್ರ ನೋಂದಣಿಯಾದಾಗ ಅದರಲ್ಲಿ ಹೆಬ್ಬೆಟ್ಟಿನ ಗುರುತೂ ಇರುತ್ತದೆ, ಆಧಾರ್ ಪ್ರತಿಯೂ ಇರುತ್ತದೆ. ೨೦೨೩ರಲ್ಲಿ ಮಂಗಳೂರು, ಬೆಂಗಳೂರು ಕಡೆ ಪತ್ರ ನೋಂದಣಿ ಮಾಡಿಸಿದ ಅನೇಕರ ಖಾತೆಯಿಂದ, ಅವರು ಬ್ಯಾಂಕಿನ ಮೆಟ್ಟಿಲು ಹತ್ತದೆಯೇ, ಒ.ಟಿ.ಪಿ. ಯಾರಿಗೂ ಹೇಳದೆಯೇ, ಹಣ ಹೋಯಿತು. ಕದ್ದ ಬೆರಳಚ್ಚಿನಿಂದ ನಕಲಿ ಬೆರಳು ಮಾಡಿಕೊಂಡು, ಆಧಾರ್ ಮೂಲಕ ಹಣ ತೆಗೆಯುವ ಪುಟ್ಟ ಯಂತ್ರದಲ್ಲಿ ಒತ್ತಿ ತೆಗೆದಿದ್ದರು. ಪಾಸ್‌ವರ್ಡು ಕಳವಾದರೆ ಬದಲಾಯಿಸಬಹುದು. ಹೆಬ್ಬೆಟ್ಟನ್ನು ಬದಲಾಯಿಸುವುದು ಹೇಗೆ? ಆಮೇಲೆ ನೋಂದಣಿ ಇಲಾಖೆಯು ಪತ್ರಗಳ ಪ್ರತಿಯಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಕೈಗೊಂಡಿತು. ಇದಕ್ಕೆ ನಾವು ಮಾಡಿಕೊಳ್ಳಬಹುದಾದ ಬಂದೋಬಸ್ತು ಬಯೋಮೆಟ್ರಿಕ್ ಲಾಕ್. ಆಧಾರ್ ಕೇಂದ್ರದಲ್ಲಿ ಕೇಳಿದರೆ, ಅಥವಾ ಆಧಾರಿನ ಆ್ಯಪ್‌ನಲ್ಲಿ, ನಮ್ಮ ಬೆರಳಚ್ಚಿಗೆ ಬೀಗ ಹಾಕಿಸಬಹುದು. ಪಡಿತರಕ್ಕೋ ಪಿಂಚಣಿಗೋ ಹೆಬ್ಬೆಟ್ಟು ಕೊಡಬೇಕಾದ ದಿನ ಸ್ವಲ್ಪ ಹೊತ್ತು ತೆಗೆದು, ಮತ್ತೆ ಹಾಕಬೇಕು. ವಯಸ್ಸಾದವರಿಗೆ ಇದು ತೊಡಕೇ ಸರಿ. ಮನೆಯ ಮಕ್ಕಳು ನೆರವಾಗಬೇಕು.

ಇಷ್ಟೆಲ್ಲ ಇದ್ದರೂ, ಪಟ್ಟಿಗಳನ್ನು ಕೊಂಡು ಮಾರುವುದನ್ನೇ ಕಸುಬು ಮಾಡಿಕೊಂಡ ನಡುವಿನ ದಲ್ಲಾಳಿಯ ವಿಷಯ ಉಳಿದೇ ಇದೆ. ೨೦೨೩ರ ಕಾಯಿದೆಯಲ್ಲಿ ಅವನಿಗೆ ಪ್ರತ್ಯೇಕ ಲೈಸೆನ್ಸಿನ ಮಾತಿಲ್ಲ. ಅಮೆರಿಕದ ವರ್ಮಾಂಟ್ ಎಂಬ ಪುಟ್ಟ ರಾಜ್ಯ ೨೦೧೮ರಲ್ಲಿ, ಇಂಥ ದಲ್ಲಾಳಿ ಕಂಪನಿಗಳು ವರ್ಷವರ್ಷವೂ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕೆಂದು ಮೊದಲಬಾರಿಗೆ ಕಾಯಿದೆ ಮಾಡಿತು. ಕ್ಯಾಲಿಫೋರ್ನಿಯಾ ೨೦೨೩ರಲ್ಲಿ ಇನ್ನೂ ಒಂದು ಹೆಜ್ಜೆ ಹೋಯಿತು. ಅಲ್ಲಿಯ ಪ್ರಜೆ ಒಂದೇ ಜಾಗದಲ್ಲಿ ಒಂದೇ ಅರ್ಜಿ ಕೊಟ್ಟರೆ ಸಾಕು, ನೋಂದಾಯಿತ ದಲ್ಲಾಳಿಗಳೆಲ್ಲರೂ ಅವನ ವಿವರವನ್ನು ಅಳಿಸಬೇಕು. ಅವರು ೨೦೨೬ರ ಆಗಸ್ಟಿನಿಂದ ಈ ಅರ್ಜಿಗಳನ್ನು ನಡೆಸಿಕೊಡಬೇಕೆಂದು ಅದರಲ್ಲಿ ಗೊತ್ತುಮಾಡಿದೆ. ರೀಲರಿಗೆ ಲೈಸೆನ್ಸು ಕೇಳುವ ನಾಡಿನಲ್ಲಿ ಹೆಸರಿನ ದಲ್ಲಾಳಿಗೆ ಅದು ಏಕಿರಬಾರದು? ಗ್ರಾಮಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಿ, ಠರಾವು ಮಾಡಿ, ನಮ್ಮ ಶಾಸಕರಿಗೂ ಲೋಕಸಭಾ ಸದಸ್ಯರಿಗೂ ಕಳುಹಿಸಲು ಯಾವ ಅಡ್ಡಿಯೂ ಇಲ್ಲ.

ಅಲ್ಲಿಯವರೆಗೆ ಬಾಗಿಲಿಗೆ ಬಂದವರನ್ನು ಕೇಳಬೇಕಾದ್ದು ಹೆಚ್ಚೇನಿಲ್ಲ. ಯಾವ ಕಂಪನಿ, ಈ ವಿವರ ಯಾವುದಕ್ಕೆ, ಇನ್ನು ಯಾರಿಗೆ ಕೊಡುತ್ತೀರಿ, ಕನ್ನಡದಲ್ಲಿ ಬರೆದ ಪತ್ರ ಎಲ್ಲಿ? ಉತ್ತರ ತಡವರಿಸಿದರೆ ಮಜ್ಜಿಗೆ ಕೊಟ್ಟು ಕಳುಹಿಸಿ, ನಂಬರು ಕೊಡಬೇಡಿ. ಬೇಡದ ವ್ಯಾಪಾರದ ಕರೆಗಳಿಗೆ ೧೯೦೯ಕ್ಕೆ ದೂರು ಕೊಡಬಹುದು. ಕರೆ ಬಂದ ಏಳು ದಿನಗಳೊಳಗೆ ಕೊಡಬೇಕು. ಖಾತೆಯಿಂದ ಹಣವೇ ಹೋಗಿದ್ದರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ೧೯೩೦ಕ್ಕೆ ಫೋನ್ ಮಾಡಬೇಕು. ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಹಿಡಿಯುವುದು ಆಗ ಸಾಧ್ಯ. ಬ್ಯಾಂಕು ಅಥವಾ ಸಾಲದ ವರದಿಯ ಕಂಪನಿ ದೂರಿಗೆ ಬೆಲೆ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಹೇಗೆ ಬರೆಯಬೇಕೆಂದು ೧೪೪೪೮ರಲ್ಲಿ ತಿಳಿಸುತ್ತಾರೆ. ಆಧಾರ್ ಪ್ರತಿ ಕೊಡಲೇಬೇಕಾದ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಸಾಕೇ ಎಂದು ಮೊದಲು ಕೇಳಿ. ಸಾಲದೆಂದರೆ ಜೆರಾಕ್ಸಿನ ಮೇಲೆ, ಅಕ್ಷರಗಳು ಚಿತ್ರಕ್ಕೂ ಅಂಕಿಗೂ ಅಡ್ಡಲಾಗಿ ಬರುವಂತೆ, ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಖಿನಂದು ಕೊಟ್ಟದ್ದು ಎಂದು ಪೆನ್ನಿನಿಂದ ಬರೆದು ರುಜು ಹಾಕಿ ಕೊಡಿ.